ಪತ್ರದಲ್ಲಿ ಇಲ್ಲದವರನ್ನು ಹುಡುಕುವ ವಕೀಲರು

ಒಂದೇ ಜಮೀನಿನ ಬಗ್ಗೆ ಇಬ್ಬರು ವಕೀಲರು ಬರೆದ ಎರಡು ಲೀಗಲ್ ಒಪಿನಿಯನ್, ಅಂದರೆ ಆಸ್ತಿಯ ಪತ್ರ ನೋಡಿ ಕೊಡುವ ಲಿಖಿತ ಅಭಿಪ್ರಾಯ, ನನ್ನ ಹತ್ತಿರ ಇವೆ. ಮೈಸೂರಿನ ಹೊರಗೆ, ಹುಣಸೂರು ರಸ್ತೆ ಕಡೆ, ಒಂದು ಖಾಸಗಿ ಬಡಾವಣೆಯಲ್ಲಿ ನನ್ನ ತಂಗಿ ಮತ್ತು ಅವಳ ಗಂಡ ಮೂವತ್ತು ನಲವತ್ತರ ಸೈಟು ನೋಡಿದ್ದರು. ಮೊದಲನೆಯ ಒಪಿನಿಯನ್ ಬಡಾವಣೆಯವರು ಕೊಟ್ಟ ಫೈಲಿನಲ್ಲೇ ಇತ್ತು. ದಪ್ಪ ಕಾಗದ, ಸೀಲು, ಸಹಿ, ಕೊನೆಯಲ್ಲಿ ಮಾಲೀಕತ್ವ ಸ್ಪಷ್ಟವಾಗಿದೆ, ಮಾರಾಟಕ್ಕೆ ಯೋಗ್ಯವಾಗಿದೆ ಎಂಬ ಮಾತು. ಎರಡನೆಯದು ನಾವೇ ಹೋಗಿ ಬರೆಸಿದ್ದು. ಮೊದಲನೆಯದರ ಅರ್ಧದಷ್ಟೂ ಇಲ್ಲ. ಈ ಸ್ವತ್ತನ್ನು ಕೊಳ್ಳುವುದು ಸೂಕ್ತವಲ್ಲ ಎಂದು ಅದರಲ್ಲಿ ಬರೆದಿದೆ. ಇಬ್ಬರೂ ಅದೇ ಜಿಲ್ಲೆಯಲ್ಲಿ ವಕೀಲಿ ಮಾಡುವವರು, ಇಬ್ಬರೂ ವರ್ಷಗಟ್ಟಲೆ ಇದೇ ಕೆಲಸ ಮಾಡಿದವರು. ಹಾಗಿದ್ದೂ ಒಬ್ಬರು ಕೊಳ್ಳಿ ಅಂತಾರೆ, ಇನ್ನೊಬ್ಬರು ಬೇಡ ಅಂತಾರೆ. ಸೈಟಿನ ಮಾತು ಅಲ್ಲಿಗೆ ಮುಗಿದರೂ ಈ ವಿಷಯ ನನ್ನ ತಲೆಯಿಂದ ಹೋಗಲೇ ಇಲ್ಲ.

ಮೊದಲನೆಯವರು ಸುಳ್ಳು ಬರೆದಿದ್ದಾರೆ ಎಂದು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಅವರ ಒಪಿನಿಯನ್ನನ್ನು ನಿಧಾನವಾಗಿ ಮತ್ತೆ ಓದಿದರೆ ಅದರಲ್ಲಿ ಒಂದೂ ಸುಳ್ಳಿಲ್ಲ. ಮೊದಲ ಪುಟದಲ್ಲೇ "ನನ್ನ ಪರಿಶೀಲನೆಗೆ ಈ ಕೆಳಕಂಡ ದಾಖಲೆಗಳನ್ನು ಹಾಜರುಪಡಿಸಲಾಗಿದೆ" ಎಂದು ಪಟ್ಟಿ ಇದೆ. 1987ರ ಒಂದು ಶುದ್ಧ ಕ್ರಯಪತ್ರದಿಂದ ಪಟ್ಟಿ ಶುರುವಾಗುತ್ತದೆ. ಆಮೇಲೆ ಕೊಂಡವರ ಮಕ್ಕಳ ನಡುವೆ ಆದ ವಿಭಾಗ ಪತ್ರ, ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆಯ ದಾಖಲೆ), 2004ರಿಂದ ಈಚಿನ ಇಸಿ (ಋಣಭಾರ ಪ್ರಮಾಣಪತ್ರ), ಭೂಪರಿವರ್ತನೆಯ (ಕನ್ವರ್ಷನ್) ಆದೇಶ, ಬಡಾವಣೆಯ ನಕ್ಷೆ. ಅವರ ಮುಂದೆ ಇಟ್ಟಿದ್ದು ಅಷ್ಟು. ಅಷ್ಟನ್ನು ಅವರು ಸರಿಯಾಗಿಯೇ ಓದಿದ್ದಾರೆ. 1987ರಲ್ಲಿ ಮಾರಿದ ಆ ಮನುಷ್ಯನಿಗೆ ಜಮೀನು ಎಲ್ಲಿಂದ ಬಂತು ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಅವರೂ ಕೇಳಲಿಲ್ಲ.

ಒಪಿನಿಯನ್ ಕೈಗೆ ಬಂದರೆ ನಾವೆಲ್ಲ ಮೊದಲು ಕೊನೆಯ ಪುಟ ತಿರುಗಿಸುತ್ತೇವೆ, ಅಲ್ವಾ? ಈಗ ನಾನು ಮೊದಲ ಪುಟದ ಆ ಪಟ್ಟಿಯನ್ನು ನೋಡುತ್ತೇನೆ. ಒಳ್ಳೆಯ ವಕೀಲರು ಯಾರು ಎಂಬ ಪ್ರಶ್ನೆಗೆ ನನಗೆ ಸಿಕ್ಕಿರುವ ಉತ್ತರ ಹೆಚ್ಚುಕಡಿಮೆ ಆ ಪಟ್ಟಿಯಲ್ಲೇ ಇದೆ. ಕೊಟ್ಟ ಪತ್ರ ಓದುವವರು ಬೇಕಾದಷ್ಟು ಜನ ಇದ್ದಾರೆ. ಕೊಡದೇ ಇರುವ ಪತ್ರವನ್ನು ಕೇಳುವವರು ಕಡಿಮೆ.

ಮಂಜೂರಾಗಿ ಸ್ವಾಧೀನದಲ್ಲಿರುವ

ಎರಡನೆಯ ಒಪಿನಿಯನ್ ಬರೆದವರು ಒಬ್ಬ ಹಿರಿಯ ವಕೀಲೆ. ಅವರ ಆಫೀಸು ಮನೆಯ ಮುಂದಿನ ಕೋಣೆ. ತಂಗಿಯ ಜೊತೆ ನಾನೂ ಹೋಗಿದ್ದೆ. ಬಡಾವಣೆಯವರ ಒಪಿನಿಯನ್ನನ್ನು ಮೇಲೆ ಇಟ್ಟು ಫೈಲು ಕೊಟ್ಟೆವು. ಅವರು ಅದನ್ನು ತೆಗೆದು ಪಕ್ಕಕ್ಕೆ ಇಟ್ಟರು. "ಇದು ಆಮೇಲೆ ನೋಡ್ತೀನಿ, ಮೊದಲು ಪತ್ರ" ಎಂದರು. ನೇರವಾಗಿ ಇರುವುದರಲ್ಲೇ ಹಳೆಯದಾದ 1987ರ ಕ್ರಯಪತ್ರಕ್ಕೆ ಹೋದರು. ಛಾಪಾ ಕಾಗದದ ಮೇಲೆ ಕೈಬರಹ. ಜೆರಾಕ್ಸಿನ ಜೆರಾಕ್ಸ್ ಆದ್ದರಿಂದ ಅಕ್ಷರಗಳೆಲ್ಲ ಮಸುಕು. ಅವರು ಸಣ್ಣ ದನಿಯಲ್ಲಿ ಓದಿಕೊಳ್ಳುತ್ತಾ ಹೋದರು. ಬಿನ್ ಯಾರು, ವಾಸ ಎಲ್ಲಿ, ಹೋಬಳಿ ಯಾವುದು. ಒಂದು ಕಡೆ ಪೆನ್ಸಿಲ್ ನಿಂತಿತು. "ನನಗೆ ಸರ್ಕಾರದಿಂದ ಮಂಜೂರಾಗಿ, ನನ್ನ ಸ್ವಾಧೀನಾನುಭವದಲ್ಲಿರುವ" ಎಂಬ ಸಾಲಿನ ಕೆಳಗೆ ಒಂದು ಗೆರೆ ಎಳೆದರು. ಆ ಸಾಲನ್ನು ನಾವೂ ಮನೆಯಲ್ಲಿ ಓದಿದ್ದೆವು. ಪತ್ರದ ಮಾಮೂಲಿ ಭಾಷೆ ಅಂದುಕೊಂಡು ದಾಟಿಬಿಟ್ಟಿದ್ದೆವು.

"ಸಾಗುವಳಿ ಚೀಟಿ ಇದೆಯಾ?" ಎಂದು ಕೇಳಿದರು. ಜಮೀನು ಮಂಜೂರಾದವರಿಗೆ ಸರ್ಕಾರ ಕೊಡುವ ಪತ್ರ ಅದು. ಇರಲಿಲ್ಲ. "ಮಂಜೂರಾತಿ ಆದೇಶ?" ಅದೂ ಇರಲಿಲ್ಲ. "ಮಂಜೂರಾದದ್ದು ಯಾರಿಗೆ, ಯಾವ ವರ್ಷ, ಯಾವ ಷರತ್ತಿನ ಮೇಲೆ, ಅವರು ಯಾವ ಜಾತಿಯವರು, ಇಷ್ಟು ಗೊತ್ತಾಗದೆ ನಾನು ಏನೂ ಹೇಳೋದಿಲ್ಲ" ಎಂದರು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಮಂಜೂರಾತಿ ರಿಜಿಸ್ಟರಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿಸಿದರು. ಬಡಾವಣೆಯವರಿಗೆ ಫೋನ್ ಮಾಡಿದರೆ, ಅದೆಲ್ಲ ಹಳೇ ಕಾಲದ್ದು, ಕನ್ವರ್ಷನ್ ಆಗಿದೆ, ಬ್ಯಾಂಕಿನವರೇ ಸಾಲ ಕೊಡ್ತಿದ್ದಾರೆ, ಈಗ ಅದನ್ನು ಯಾರು ಕೇಳ್ತಾರೆ ಎಂದರು. ಮುಂಗಡ ಬೇಗ ಕೊಡದಿದ್ದರೆ ಸೈಟು ಬೇರೆಯವರಿಗೆ ಹೋಗುತ್ತದೆ ಎಂಬ ಮಾತೂ ಬಂತು. ನಕಲು ಬರುವುದಕ್ಕೆ ಸಾಕಷ್ಟು ಸಮಯ ಹಿಡಿಯಿತು. ಬಂದಾಗ ಅದರಲ್ಲಿ ಮಂಜೂರುದಾರರ ಹೆಸರಿನ ಮುಂದೆ, ಷರಾ ಕಾಲಂನಲ್ಲಿ "ಎ.ಕೆ." ಎಂದು ಎರಡೇ ಅಕ್ಷರ ಇತ್ತು. ಆದಿ ಕರ್ನಾಟಕ, ಅಂದರೆ ಪರಿಶಿಷ್ಟ ಜಾತಿ.

ಮುಂದಿನದು ಜಮೀನಿನ ವ್ಯವಹಾರ ಗೊತ್ತಿರುವ ಓದುಗರಿಗೆ ಹೇಳಬೇಕಿಲ್ಲ. ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ 1979ರ ಜನವರಿ 1ರಿಂದ ಜಾರಿಯಲ್ಲಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ. ಮಾಡಿದರೆ ಆ ಮಾರಾಟ ಅಸಿಂಧು. ಉಪವಿಭಾಗಾಧಿಕಾರಿ ಜಮೀನನ್ನು ವಾಪಸ್ ಪಡೆದು ಮಂಜೂರುದಾರರಿಗೋ ಅವರ ವಾರಸುದಾರರಿಗೋ ಕೊಡಿಸಬಹುದು. ತುಂಬ ತಡವಾಗಿ ಬಂದ ಅರ್ಜಿಗಳನ್ನು ನಡುವೆ ನ್ಯಾಯಾಲಯಗಳು ತಳ್ಳಿಹಾಕಿದ್ದುಂಟು. 2023ರ ತಿದ್ದುಪಡಿ ಬಂದ ಮೇಲೆ ಕಾಯ್ದೆಯ ಪ್ರಕಾರ ಅರ್ಜಿಗೆ ಕಾಲಮಿತಿ ಇಲ್ಲ. 1987ರ ಆ ಮಾರಾಟಕ್ಕೆ ಅನುಮತಿ ಪಡೆದ ಕಾಗದ ಎಲ್ಲೂ ಸಿಗಲಿಲ್ಲ. ಅದರ ಮೇಲೆ ಕಟ್ಟಿದ ವಿಭಾಗ ಪತ್ರ, ಕನ್ವರ್ಷನ್, ಬಡಾವಣೆ, ತಂಗಿ ನೋಡಿದ ಸೈಟು, ಎಲ್ಲ ಆ ಒಂದು ಸಾಲಿನ ಮೇಲೆ ನಿಂತಿದ್ದವು. ಭೂಪರಿವರ್ತನೆ ಆದೇಶ ಜಮೀನಿನ ಬಳಕೆಯನ್ನು ಬದಲಿಸುತ್ತದೆ ಅಷ್ಟೆ. ಮಾಲೀಕತ್ವದಲ್ಲಿರುವ ದೋಷವನ್ನು ಸರಿಮಾಡುವುದಿಲ್ಲ.

ಈ ಕಾಯ್ದೆಯ ಬಗ್ಗೆ ಸೈಟು ಕೊಳ್ಳುವವರು ಬೇಸರದಿಂದ ಮಾತಾಡುವುದನ್ನು ಕೇಳಿದ್ದೇನೆ. ನನಗೆ ಹಾಗೆ ಅನಿಸುವುದಿಲ್ಲ. ಭೂಮಿ ಇಲ್ಲದವನಿಗೆ ಸರ್ಕಾರ ಎರಡು ಎಕರೆ ಕೊಟ್ಟಿತು. ಮಗಳ ಮದುವೆಗೋ, ಆಸ್ಪತ್ರೆ ಖರ್ಚಿಗೋ, ಬರಗಾಲಕ್ಕೋ ಯಾರೋ ಅದನ್ನು ಸಿಕ್ಕ ಬೆಲೆಗೆ ಬರೆಸಿಕೊಂಡರು. ಹಾಗೆ ಆಗಬಾರದು ಎಂದೇ ಈ ಕಾನೂನು ಬಂತು. ಆ ಕುಟುಂಬ ಈಗ ಎಲ್ಲಿದೆ ಎಂದು ನಮಗೆ ಗೊತ್ತಿಲ್ಲ. ಆದರೆ ವಕೀಲೆಯ ಕೋಣೆಯಲ್ಲಿ ಅವರ ಮಾತು ಬಂತು. ಬಡಾವಣೆಯವರ ಒಪಿನಿಯನ್ನಿನಲ್ಲಿ ಅವರ ಸುಳಿವೇ ಇರಲಿಲ್ಲ. ಜಮೀನಿನ ಪತ್ರ ಓದುವುದು ಎಂದರೆ ಅದರಲ್ಲಿ ಸಹಿ ಹಾಕಿದವರನ್ನು ನೋಡುವುದರ ಜೊತೆಗೆ, ಸಹಿ ಹಾಕಬೇಕಿದ್ದೂ ಹಾಕದವರು ಯಾರು ಎಂದು ಹುಡುಕುವುದು ಎಂದು ನನಗೆ ಅವತ್ತು ತಿಳಿಯಿತು.

ಅವರು ಯಾರ ವಕೀಲರು?

ಸೈಟು ಕೊಳ್ಳುವಾಗ ನಮ್ಮ ಸುತ್ತ ವಕೀಲರಿಗೆ ಬರವಿಲ್ಲ. ಬ್ರೋಕರ್ ಒಬ್ಬರನ್ನು ತೋರಿಸುತ್ತಾರೆ. ಬಡಾವಣೆಯವರಿಗೆ ಒಬ್ಬರು ಇರುತ್ತಾರೆ. ಬ್ಯಾಂಕಿನ ಪ್ಯಾನೆಲ್ ವಕೀಲರು ಬೇರೆ. ಇಷ್ಟೆಲ್ಲ ಜನ ನೋಡಿದ ಮೇಲೆ ನಮಗೊಬ್ಬರು ಯಾಕೆ ಬೇಕು ಎಂದು ಅನಿಸುವುದು ಸಹಜ. ಆದರೆ ಇವರಲ್ಲಿ ಯಾರೂ ನಮ್ಮ ವಕೀಲರಲ್ಲ. ಬಡಾವಣೆಯವರ ವಕೀಲರಿಗೆ ಹಾಕಿದ ಪ್ರಶ್ನೆ, ಈ ಜಮೀನನ್ನು ಮಾರಬಹುದಾ ಎಂಬುದು. ಬ್ಯಾಂಕಿನ ವಕೀಲರಿಗೆ ಹಾಕಿದ ಪ್ರಶ್ನೆ, ಇದನ್ನು ಅಡವು ಇಟ್ಟುಕೊಂಡು ಸಾಲ ಕೊಡಬಹುದಾ ಎಂಬುದು. ಬ್ಯಾಂಕಿಗೆ ಸೈಟು ಹೋದರೂ ನಮ್ಮ ಸಂಬಳ ಇದೆ, ಜಾಮೀನುದಾರರು ಇದ್ದಾರೆ, ಕಂತು ಕಟ್ಟುವ ಹೊಣೆ ನಮ್ಮ ಮೇಲೆ ಇದ್ದೇ ಇರುತ್ತದೆ. ನಮಗೆ ಸೈಟು ಹೋದರೆ ಹೋಯಿತು. ಬ್ಯಾಂಕಿನ ವರದಿಯನ್ನು ಎಷ್ಟೋ ಕಡೆ ಸಾಲಗಾರರಿಗೆ ತೋರಿಸುವುದೂ ಇಲ್ಲ, ಅದರ ಫೀಸು ಕಟ್ಟಿದವರು ಸಾಲಗಾರರೇ ಆಗಿದ್ದರೂ. ಬ್ಯಾಂಕ್ ಲೋನ್ ಕೊಡ್ತಿದೆ ಅಂದ್ರೆ ಲೀಗಲ್ ಕ್ಲಿಯರ್ ಎನ್ನುವ ಮಾತನ್ನು ನಾನು ಈಗ ಒಪ್ಪುವುದಿಲ್ಲ.

ರಿಜಿಸ್ಟರ್ ಆಗಿದೆಯಲ್ಲ ಎಂಬ ಧೈರ್ಯವೂ ಹಾಗೇ. ಈಗ 50 ಲಕ್ಷದ ಸೈಟು ಕೊಂಡರೆ ಶೇ 5 ಮುದ್ರಾಂಕ ಶುಲ್ಕ, 2025ರ ಆಗಸ್ಟ್ 31ರಿಂದ ಶೇ 2ಕ್ಕೆ ಏರಿರುವ ನೋಂದಣಿ ಶುಲ್ಕ, ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ ಸರ್ಕಾರಕ್ಕೇ ಮೂರೂವರೆ ಲಕ್ಷಕ್ಕಿಂತ ಜಾಸ್ತಿ ಹೋಗುತ್ತದೆ. ಇಷ್ಟು ಕಟ್ಟಿದ ಮೇಲೆ ಸರ್ಕಾರ ಇದರ ಮಾಲೀಕತ್ವಕ್ಕೆ ಹೊಣೆ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಉಪನೋಂದಣಾಧಿಕಾರಿ ದಾಖಲು ಮಾಡುವುದು ಇಂಥವರು ಇಂಥವರಿಗೆ ಇಂಥ ಪತ್ರ ಬರೆದುಕೊಟ್ಟರು ಎಂಬುದನ್ನು. ಬರೆದುಕೊಟ್ಟವರಿಗೆ ಅದು ಸೇರಿತ್ತೇ ಎಂದು ತೀರ್ಮಾನಿಸುವುದು ಅವರ ಕೆಲಸವಲ್ಲ. ಆ ಕೆಲಸ ಯಾರೂ ಮಾಡದೆ ಉಳಿದುಬಿಡುತ್ತದೆ. ನಮ್ಮದೇ ಎಂದು ಒಬ್ಬ ವಕೀಲರು ಇದ್ದರೆ ಅವರು ಮಾಡುತ್ತಾರೆ.

ಹಾಗಾಗಿ ಮೊದಲ ಭೇಟಿಯಲ್ಲೇ ಕೇಳಬೇಕಾದ ಮಾತು ಒಂದಿದೆ. ಈ ಮಾರಾಟಗಾರರಿಗೆ, ಈ ಬಡಾವಣೆಗೆ, ಈ ಬ್ರೋಕರಿಗೆ ನೀವು ಹಿಂದೆ ಕೆಲಸ ಮಾಡಿಕೊಟ್ಟಿದ್ದೀರಾ? ಕೇಳುವುದಕ್ಕೆ ಮುಜುಗರ ಆಗುತ್ತದೆ, ನಿಜ. ಅಷ್ಟು ದೊಡ್ಡವರನ್ನು ಹೀಗೆ ಕೇಳೋದಾ ಎಂದು ತಂಗಿಯೂ ಹಿಂಜರಿದಿದ್ದಳು. ಆದರೆ ಒಂದು ವಿಷಯದಲ್ಲಿ ಒಬ್ಬರಿಗೆ ಸಲಹೆ ಕೊಟ್ಟ ವಕೀಲರು ಅದೇ ವಿಷಯದಲ್ಲಿ ಎದುರು ಪಕ್ಷಕ್ಕೆ ನಿಲ್ಲಬಾರದು ಎಂದು ಬಾರ್ ಕೌನ್ಸಿಲ್ ನಿಯಮವೇ ಹೇಳುತ್ತದೆ. ಸರಿಯಾದ ವಕೀಲರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ನಮ್ಮ ವಕೀಲೆ ಅದನ್ನು ನಾವು ಕೇಳುವ ಮೊದಲೇ ಹೇಳಿದರು.

ಊರಿನ ವಕೀಲರು ಎಂದರೆ

ನನ್ನ ಗೆಳೆಯರು ಕೆಲವರು ದೊಡ್ಡ ಊರಿನ ದೊಡ್ಡ ವಕೀಲರನ್ನು ಹಿಡಿಯುವುದು ಒಳ್ಳೆಯದು ಎನ್ನುತ್ತಾರೆ. ಹೈಕೋರ್ಟಿನಲ್ಲಿ ಕೇಸು ನಡೆಸಬೇಕಾದರೆ ಅದು ಸರಿ. ಜಮೀನು ಕೊಳ್ಳುವುದಕ್ಕೆ ಆ ತಾಲ್ಲೂಕಿನ ಕಾಗದ ಗೊತ್ತಿರುವವರೇ ಬೇಕು ಎಂಬುದು ನನ್ನ ಅಭಿಪ್ರಾಯ. ಕಾನೂನು ಇಡೀ ರಾಜ್ಯಕ್ಕೆ ಒಂದೇ ಇರಬಹುದು, ಆದರೆ ಒಂದೊಂದು ಸೀಮೆಯ ಜಮೀನಿಗೂ ಒಂದೊಂದು ಚರಿತ್ರೆ ಇದೆ. ಹಳೆ ಮೈಸೂರು ಕಡೆ ಇನಾಂ ರದ್ದತಿ, ದನ ಮೇಯುವ ಗೋಮಾಳ, ಅರ್ಜಿ ಹಾಕಿ ಪಡೆದ ದರಖಾಸ್ತು ಮಂಜೂರಾತಿ. ದಕ್ಷಿಣ ಕನ್ನಡ, ಉಡುಪಿಗೆ ಹೋದರೆ ಮೂಲಗೇಣಿ, ಚಾಲಗೇಣಿ ಎಂಬ ಗೇಣಿ ಪದ್ಧತಿಗಳು, ಜಮೀನಿಗೆ ಹೊಂದಿಕೊಂಡ ಸರ್ಕಾರಿ ಜಾಗದ ಕುಮ್ಕಿ ಸವಲತ್ತು, ಅದರ ಮೇಲೆ ಅಳಿಯಸಂತಾನ. ಅಲ್ಲಿ ಹಳೆಯ ಪತ್ರದಲ್ಲಿ ಕುಟುಂಬದ ವಂಶ (ಅಲ್ಲಿ ‘ಬಳಿ’ ಎನ್ನುತ್ತಾರೆ) ಹೆಣ್ಣುಮಕ್ಕಳಿಂದ ಮುಂದುವರಿಯುತ್ತದೆ. ತಂದೆಯಿಂದ ಮಗನಿಗೆ ಎಂದು ವಂಶವೃಕ್ಷ ಹುಡುಕುವ ಮೈಸೂರಿನ ವಕೀಲರಿಗೆ ಅಲ್ಲಿ ದಾರಿ ತಪ್ಪುತ್ತದೆ. ಕೊಡಗಿನಲ್ಲಿ ಗದ್ದೆಗೆ ಹೊಂದಿಕೊಂಡ ಜಮ್ಮಾ ಬಾಣೆ. ಉತ್ತರ ಕನ್ನಡದಲ್ಲಿ ಅಡಿಕೆ ತೋಟಕ್ಕೆ ಅಂಟಿಕೊಂಡ ಸೊಪ್ಪಿನ ಬೆಟ್ಟ. ತೋಟ ಕೊಂಡವರು ಬೆಟ್ಟವೂ ತಮ್ಮದೇ ಎಂದುಕೊಂಡಿರುತ್ತಾರೆ, ಆದರೆ ಅಲ್ಲಿ ಇರುವುದು ಸೊಪ್ಪು, ದರಗು (ಒಣ ಎಲೆ) ತರುವ ಸವಲತ್ತು. ನಿಜಾಮರ ಆಳ್ವಿಕೆ ಇದ್ದ ಕಡೆ ಹಳೆ ದಾಖಲೆ ಉರ್ದುವಿನಲ್ಲಿ, ಮುಂಬೈ ಪ್ರಾಂತ್ಯದಲ್ಲಿದ್ದ ಕಡೆ ಮರಾಠಿಯಲ್ಲಿ, ಕೆಲವು ಮೋಡಿ ಲಿಪಿಯಲ್ಲಿ. ಇವನ್ನೆಲ್ಲ ಓದಬಲ್ಲವರು ಅಲ್ಲಲ್ಲಿಯೇ ಇರುತ್ತಾರೆ.

ಮೈಸೂರಿನವರಿಗೆ ಕುರುಬಾರಹಳ್ಳಿ ಸರ್ವೆ ನಂಬರ್ 4 ಎಂದರೆ ಬೇರೆ ವಿವರಣೆ ಬೇಡ. ದಾಖಲೆಯಲ್ಲಿ ಬಿ ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರಿ ಜಾಗ, ಎಂದಿದೆ ಎಂಬ ಕಾರಣಕ್ಕೆ, ಮನೆ ಕಟ್ಟಿ ಸಂಸಾರ ಮಾಡಿಕೊಂಡಿದ್ದ ಜನ ಖಾತೆಗಾಗಿ ವರ್ಷಗಟ್ಟಲೆ ಅಲೆದರು. ಸಿದ್ಧಾರ್ಥನಗರದಂಥ ನೆಲೆ ನಿಂತ ಬಡಾವಣೆಯವರನ್ನೂ ಅದು ಬಿಡಲಿಲ್ಲ. ಪಕ್ಕದ ಜಿಲ್ಲೆಯ ವಕೀಲರು ಎಷ್ಟೇ ಜಾಣರಾದರೂ ಆ ಸರ್ವೆ ನಂಬರ್ ಕಣ್ಣಿಗೆ ಬಿದ್ದ ಕೂಡಲೇ ಎಚ್ಚರವಾಗುವುದಿಲ್ಲ. ಇಲ್ಲಿನವರು ಆಗುತ್ತಾರೆ. ಯಾವ ಹಳ್ಳಿಯಲ್ಲಿ ಕೆರೆ ಅಂಗಳ ಎಲ್ಲಿಯವರೆಗೆ ಇತ್ತು, ಯಾವ ಸರ್ವೆ ನಂಬರಿಗೆ ಪ್ರಾಧಿಕಾರದ ಸ್ವಾಧೀನದ ನೋಟಿಸ್ ಬಂದು ಅರ್ಧಕ್ಕೆ ನಿಂತಿದೆ, ಯಾವ ಹಳ್ಳಿಯಲ್ಲಿ ಪೋಡಿ (ಅಳೆದು ಬೇರೆ ನಂಬರ್ ಮಾಡುವುದು) ಆಗದೆ ಒಂದೇ ನಂಬರಿನಲ್ಲಿ ಹತ್ತಾರು ಜನ ಇದ್ದಾರೆ, ಇಂಥದ್ದು ಕೆಲಸ ಮಾಡುತ್ತಾ ಮಾಡುತ್ತಾ ಬರುವ ತಿಳಿವಳಿಕೆ. ದಿಶಾಂಕ್ ಆ್ಯಪ್ ತೆರೆದರೆ ನಾವು ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ. ಆ ನಂಬರಿನ ಮೇಲೆ ಏನೆಲ್ಲ ನಡೆದಿದೆ ಎಂದು ತಿಳಿಯಲು ಇನ್ನೂ ಜನರನ್ನೇ ಕೇಳಬೇಕು.

ಆನ್‌ಲೈನ್ ಇಸಿಯ ಬಗ್ಗೆಯೂ ಒಂದು ಮಾತು. ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಮನೆಯಲ್ಲೇ ಕುಳಿತು ಇಸಿ ತೆಗೆಯುವುದು ಒಳ್ಳೆಯ ಸೌಲಭ್ಯ. ಆದರೆ ಅಲ್ಲಿ ಸಿಗುವುದು 2004ರ ಏಪ್ರಿಲ್ 1ರಿಂದ ಈಚಿನದು. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಹಾಕಿ ಹಳೆಯ ಪುಸ್ತಕ ಹುಡುಕಿಸಬೇಕು. ಇಸಿಯಲ್ಲಿ ಬರುವುದೂ ನೋಂದಣಿ ಆದದ್ದು ಮಾತ್ರ. ಮನೆಯೊಳಗೆ ಬಿಳಿ ಹಾಳೆಯಲ್ಲಿ ಬರೆದುಕೊಂಡ ಪಾಲುಪಟ್ಟಿ, ನೋಂದಣಿ ಆಗದ ಕರಾರು, ಪೆಟ್ಟಿಗೆಯಲ್ಲಿರುವ ಉಯಿಲು, ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ, ಇವು ಇಸಿಯಲ್ಲಿ ಕಾಣಬೇಕೆಂದಿಲ್ಲ. ಕೋರ್ಟ್ ಕೇಸುಗಳನ್ನು ಇ-ಕೋರ್ಟ್ಸ್‌ನಲ್ಲಿ ಹೆಸರು ಹಾಕಿ ಹುಡುಕಬಹುದು. ಅಲ್ಲಿ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿದರೆ ಸಿದ್ದಪ್ಪನಿಗೆ ನಾಲ್ಕಾರು ಕಾಗುಣಿತ. ಪಹಣಿಯಲ್ಲಿ ಚಿಕ್ಕತಾಯಮ್ಮ, ಕ್ರಯಪತ್ರದಲ್ಲಿ ತಾಯಮ್ಮ ಉರುಫ್ ಚಿಕ್ಕಮ್ಮ. ಅಭ್ಯಾಸ ಇರುವ ವಕೀಲರ ಗುಮಾಸ್ತರು ಅಷ್ಟೂ ರೀತಿಯಲ್ಲಿ ಹಾಕಿ ನೋಡುತ್ತಾರೆ. ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಹಾಕಿಸುವಾಗ ನಮ್ಮ ವಕೀಲೆ, ಆ ಊರಿನ ಹೋಟೆಲಿನಲ್ಲಿ ಯಾವ ಪತ್ರಿಕೆ ಬರುತ್ತದೋ ಅದರಲ್ಲೇ ಹಾಕಿಸಿ ಎನ್ನುತ್ತಾರೆ. ಮೈಸೂರು ಸುತ್ತ ಅದು ಆಂದೋಲನ, ಮೈಸೂರು ಮಿತ್ರ. ಯಾರೂ ಓದದ ಪತ್ರಿಕೆಯ ಮೂಲೆಯಲ್ಲಿ ಹಾಕಿ, ಆಕ್ಷೇಪಣೆ ಬರಲಿಲ್ಲ ಎಂದು ಬರೆಯುವುದು ಅವರಿಗೆ ಸರಿ ಕಾಣುವುದಿಲ್ಲ. ನನಗೂ ಕಾಣುವುದಿಲ್ಲ.

ಸಮಾರಾಧನೆಯ ಕಾರ್ಡು

ತಂಗಿ ಮುಂದೆ ಸೈಟಿನ ಯೋಚನೆ ಬಿಟ್ಟು ಊರೊಳಗೆ ಒಂದು ಹಳೆಯ ಮನೆ ನೋಡಿದಳು. ತಂದೆ ಸ್ವಂತ ದುಡಿಮೆಯಲ್ಲಿ ಕಟ್ಟಿದ್ದು. ಅವರು ತೀರಿಕೊಂಡಿದ್ದರು, ಉಯಿಲು ಇರಲಿಲ್ಲ. ಮಾರುತ್ತಿದ್ದವರು ತಾಯಿ ಮತ್ತು ಇಬ್ಬರು ಗಂಡುಮಕ್ಕಳು. ಖಾತೆ ಅವರ ಹೆಸರಿಗೆ ಆಗಿತ್ತು. ವಂಶವೃಕ್ಷದಲ್ಲೂ ಮೂವರೇ. ನಮ್ಮ ಕಣ್ಣಿಗೆ ಎಲ್ಲ ಸರಿಯಾಗಿತ್ತು. ವಕೀಲೆ ಎಲ್ಲ ನೋಡಿ ಗಂಡುಮಕ್ಕಳಿಗೆ ಹೇಳಿದ್ದು ಇಷ್ಟು: "ತಂದೆಯವರ ಸಮಾರಾಧನೆ ಕಾರ್ಡ್ ಮನೇಲಿ ಇದ್ದರೆ ಒಂದು ತನ್ನಿ."

ಇದನ್ನು ಕೇಳಿ ನನಗೆ ಮೊದಲು ಅರ್ಥ ಆಗಲಿಲ್ಲ. ಕಾರ್ಡು ಬಂತು. ಬಿಳಿ ಕಾಗದ, ಮೇಲೆ ಫೋಟೊ, ಕೆಳಗೆ ದುಃಖತಪ್ತರ ಹೆಸರು. ಹೆಂಡತಿ, ಇಬ್ಬರು ಮಕ್ಕಳು, ಸೊಸೆಯಂದಿರು. ಅದಾದ ಮೇಲೆ ಮಗಳು, ಅಳಿಯ, ಮೊಮ್ಮಕ್ಕಳು. ವಂಶವೃಕ್ಷಕ್ಕೆ ಅರ್ಜಿ ಹಾಕುವಾಗ ಬಿಟ್ಟುಹೋಗಿದ್ದ ಮಗಳು ತಿಥಿಯ ಕಾರ್ಡಿನಲ್ಲಿ ಇದ್ದಳು. ಯಾವ ಮನೆಯವರೂ ಆ ಕಾರ್ಡಿನಲ್ಲಿ ಮಗಳ ಹೆಸರು ಬಿಡುವುದಿಲ್ಲ. ಇದು ಪುಸ್ತಕದಲ್ಲಿ ಓದಿ ಬರುವ ಕಾನೂನು ಅಲ್ಲವೇ ಅಲ್ಲ. ಈ ಸೀಮೆಯ ಮನೆಗಳನ್ನು ಒಳಗಿನಿಂದ ಕಂಡವರಿಗೆ ಮಾತ್ರ ಹೊಳೆಯುವ ಉಪಾಯ.

ಅಣ್ಣತಮ್ಮಂದಿರು ಮೋಸಗಾರರು ಎಂದು ನನಗೆ ಅನಿಸಲಿಲ್ಲ. ಮದುವೆಯಲ್ಲಿ ಚಿನ್ನ ಹಾಕಿದ್ದೇವೆ, ಅವಳು ಏನೂ ಕೇಳುವುದಿಲ್ಲ ಎಂದು ಅವರು ನಂಬಿದ್ದರು. ಅವಳನ್ನು ಯಾರೂ ಕೇಳಿಯೂ ಇರಲಿಲ್ಲ. ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಂತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಇದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಇದೆ. ಪಿತ್ರಾರ್ಜಿತ ಆಸ್ತಿಯ ಮಾತು ಬಂದರೆ ಕರ್ನಾಟಕ 1994ರಲ್ಲೇ ತಿದ್ದುಪಡಿ ಜಾರಿಗೆ ತಂದಿತು, ಕೇಂದ್ರ 2005ರಲ್ಲಿ. 2020ರಲ್ಲಿ ಸುಪ್ರೀಂ ಕೋರ್ಟ್ ಹೆಣ್ಣುಮಕ್ಕಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸ್ಪಷ್ಟ ಮಾಡಿತು. ಆದರೂ ಹೆಣ್ಣುಮಕ್ಕಳನ್ನು ಬಿಟ್ಟು ಬರೆದ ಪತ್ರಗಳು ಈಗಲೂ ದಿನಾ ಬರುತ್ತವೆ ಎಂದು ವಕೀಲೆ ಹೇಳಿದರು.

ಹಕ್ಕು ಬಿಡುಗಡೆ ಪತ್ರ ಬರೆಸಿಬಿಡೋಣ ಎಂದು ಅಣ್ಣ ಕೇಳಿದರು. ವಕೀಲೆ, ಅವರು ತಾವಾಗಿ ಬಿಟ್ಟುಕೊಡ್ತೀನಿ ಅಂದರೆ ಸರಿ, ಆದರೆ ನಾನು ಮೊದಲು ಅವರ ಜೊತೆ ಮಾತಾಡಬೇಕು ಎಂದರು. ಕೊಳ್ಳೇಗಾಲದಿಂದ ಆಕೆ ಬಂದರು. ವಕೀಲೆ ಅಣ್ಣಂದಿರನ್ನು ಹೊರಗೆ ಕೂರಿಸಿ ಪತ್ರದ ಕರಡನ್ನು ಆಕೆಗೆ ಪೂರ್ತಿ ಓದಿ ಹೇಳಿದರು. ನಿಮ್ಮ ಪಾಲು ಇಷ್ಟು ಆಗುತ್ತದೆ ಎಂದೂ ಹೇಳಿದರು. ಆಕೆ ಸ್ವಲ್ಪ ಹೊತ್ತು ಯೋಚಿಸಿ, ನನಗೆ ನನ್ನ ಪಾಲು ಬೇಕು ಎಂದರು. ಹೊರಗೆ ಸ್ವಲ್ಪ ಮಾತು ಜೋರಾಯಿತು. ಆಮೇಲೆ ಅಮ್ಮನೇ, ಕೊಡಿ ಅವಳಿಗೆ ಎಂದರು. ಕ್ರಯಪತ್ರದಲ್ಲಿ ಆಕೆಯೂ ಮಾರಾಟಗಾರರಾಗಿ ಸೇರಿದರು, ಆಕೆಯ ಹಣ ಆಕೆಯ ಹೆಸರಿಗೆ ಬೇರೆ ಡಿಡಿಯಲ್ಲಿ ಹೋಯಿತು. ನಮ್ಮ ಕಡೆಯಿಂದ ನೋಡಿದರೆ ಇದು ಮುಂದೆ ದಾವೆ ಬರದಂತೆ ಮಾಡಿಕೊಂಡ ಎಚ್ಚರಿಕೆ. ಆಕೆಯ ಕಡೆಯಿಂದ ನೋಡಿದರೆ, ಎದುರು ಪಕ್ಷದ ವಕೀಲರಿಂದ ಸಿಕ್ಕಿದ ನ್ಯಾಯ. ಕೊಳ್ಳುವವರು ಒಳ್ಳೆಯ ವಕೀಲರನ್ನು ಹಿಡಿದರೆ ಅದರ ಫಲ ಕೊಳ್ಳುವವರಿಗೆ ಮಾತ್ರ ಅಲ್ಲ ಎಂದು ನಾನು ಹೇಳುವುದು ಇದಕ್ಕೇ.

ಎಲ್ಲಿ ಹುಡುಕುವುದು

ವಕೀಲರನ್ನು ಗೂಗಲ್‌ನಲ್ಲಿ ಸ್ಟಾರ್ ನೋಡಿ ಹುಡುಕುವುದರಲ್ಲಿ ನನಗೆ ನಂಬಿಕೆ ಇಲ್ಲ. ನಮ್ಮಲ್ಲಿ ವಕೀಲರು ಜಾಹೀರಾತು ಕೊಡುವಂತೆಯೇ ಇಲ್ಲ. 2008ರ ತಿದ್ದುಪಡಿಯ ನಂತರ ತಮ್ಮ ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ಓದು, ಯಾವ ಬಗೆಯ ಕೆಲಸ ಮಾಡುತ್ತಾರೆ ಎಂಬುದನ್ನು ಹಾಕಬಹುದು, ಅಷ್ಟೆ. ವಕೀಲರ ಸೇವೆಯನ್ನು ಆನ್‌ಲೈನ್ ತಾಣಗಳು ಮಾರುವುದರ ವಿರುದ್ಧ 2024ರಲ್ಲಿ ಮದ್ರಾಸ್ ಹೈಕೋರ್ಟ್ ತೀರ್ಪು ಕೊಟ್ಟಿದೆ. ಆದ್ದರಿಂದ ನಂಬರ್ ಒನ್ ಪ್ರಾಪರ್ಟಿ ಲಾಯರ್ ಎಂದು ಯಾರಾದರೂ ತಮ್ಮನ್ನೇ ಹೊಗಳಿಕೊಂಡಿದ್ದರೆ, ಮೊದಲ ನಿಯಮವನ್ನೇ ಪಾಲಿಸದವರು ಎಂದು ತಿಳಿಯಬಹುದು.

ನಮಗೆ ಆ ವಕೀಲೆಯ ಹೆಸರು ಸಿಕ್ಕಿದ್ದು, ವಿಭಾಗದ ದಾವೆಯಲ್ಲಿ ಹೈರಾಣಾಗಿದ್ದ ನೆರೆಯವರಿಂದ. ಅವರು ಹೇಳಿದ್ದು ತಮ್ಮ ವಕೀಲರ ಹೆಸರಲ್ಲ, ಎದುರು ಪಕ್ಷದ ವಕೀಲರ ಹೆಸರು! ಆಯಮ್ಮ ಪತ್ರ ಓದೋ ಥರ ನಮ್ಮ ಲಾಯರ್ ಓದಲಿಲ್ಲ ಎಂದರು. ಇದಕ್ಕಿಂತ ದೊಡ್ಡ ಶಿಫಾರಸು ನಾನು ಕೇಳಿಲ್ಲ. ಸುಮ್ನೆ ಒಳ್ಳೆ ಲಾಯರ್ ಯಾರು ಎಂದು ಕೇಳುವ ಬದಲು, ನಿಮಗೆ ಯಾವುದಾದರೂ ಆಸ್ತಿ ಬೇಡ ಅಂದ ಲಾಯರ್ ಯಾರು ಎಂದು ಕೇಳಿ ನೋಡಿ. ಉತ್ತರ ಬೇರೆಯೇ ಬರುತ್ತದೆ. ಹಳೆಯ ಪತ್ರ ಬರಹಗಾರರನ್ನೂ ಕೇಳಬಹುದು. ಯಾರ ಕರಡಿನಲ್ಲಿ ತಪ್ಪು ಇರುವುದಿಲ್ಲ ಎಂದು ಅವರಿಗೆ ಗೊತ್ತಿರುತ್ತದೆ. ಆದರೆ ಪತ್ರ ಬರಹಗಾರರೇ ಪತ್ರ ಪರಿಶೀಲಿಸಿಬಿಡಲಿ ಎಂದು ಬಿಡಬಾರದು. ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ತಪ್ಪಿಲ್ಲದೆ ಬರೆಯುವುದು ಒಂದು ವಿದ್ಯೆ, ಹಕ್ಕು ಎಲ್ಲಿಂದ ಬಂತು ಎಂದು ಹುಡುಕುವುದು ಇನ್ನೊಂದು. ಹೆಸರು ಸಿಕ್ಕ ಮೇಲೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಒಪಿನಿಯನ್ನಿನ ಕೆಳಗೆ ಆ ಸಂಖ್ಯೆ, ಸಹಿ, ದಿನಾಂಕ ಇರಲಿ. ಬಾಯಿಮಾತಿನ ಒಪಿನಿಯನ್ ಬೇಡವೇ ಬೇಡ.

ಹೊರದೇಶದಲ್ಲಿರುವ ನಮ್ಮವರು ಇಲ್ಲಿ ಆಸ್ತಿ ಕೊಳ್ಳುವಾಗ ಅಪ್ಪ ಅಮ್ಮನಿಗೋ ಭಾವನಿಗೋ ಜಿಪಿಎ (ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಕೊಟ್ಟು, ವಕೀಲರ ಆಯ್ಕೆಯನ್ನೂ ಅವರಿಗೇ ಬಿಟ್ಟುಬಿಡುತ್ತಾರೆ. ವೃದ್ಧ ತಂದೆ ಬ್ರೋಕರ್ ತೋರಿಸಿದವರ ಹತ್ತಿರ ಹೋಗುತ್ತಾರೆ. ವಕೀಲರನ್ನು ನೀವೇ ವಿಡಿಯೋ ಕಾಲ್‌ನಲ್ಲಿ ಮಾತಾಡಿಸಿ ಆರಿಸಿ, ಒಪಿನಿಯನ್ ನಿಮ್ಮ ಹೆಸರಿಗೇ ಬರಲಿ. ಜಿಪಿಎ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಿಸಬೇಕು ಎಂಬುದನ್ನೂ ಮರೆಯಬೇಡಿ.

ಫೀಸು ಮತ್ತು ಮುಂಗಡ

ಫೀಸಿನ ವಿಷಯದಲ್ಲಿ ಒಂದು ಅಭ್ಯಾಸ ನನಗೆ ತೀರ ತಪ್ಪು ಅನಿಸುತ್ತದೆ. ಪತ್ರ ಪರಿಶೀಲನೆ, ಕರಡು, ನೋಂದಣಿ ಎಲ್ಲ ಸೇರಿ ಇಷ್ಟು, ರಿಜಿಸ್ಟರ್ ಆದ ದಿನ ಕೊಡಿ ಎನ್ನುವುದು. ಕೇಳುವುದಕ್ಕೆ ಅನುಕೂಲವಾಗಿಯೇ ಇದೆ. ಆದರೆ ರಿಜಿಸ್ಟರ್ ಆದರೆ ಮಾತ್ರ ಹಣ ಎಂದಾಗ, ಬೇಡ ಎಂದು ಹೇಳುವ ವಕೀಲರು ತಮ್ಮ ಫೀಸನ್ನು ತಾವೇ ಕಳೆದುಕೊಳ್ಳುತ್ತಾರೆ. ಅವರನ್ನು ಆ ಇಕ್ಕಟ್ಟಿಗೆ ನಾವು ಸಿಲುಕಿಸಬಾರದು. ಪರಿಶೀಲನೆಗೆ ಒಂದು ಫೀಸು, ಆಸ್ತಿ ಕೊಂಡರೂ ಬಿಟ್ಟರೂ ಅದು ಅವರಿಗೆ ಸಲ್ಲಬೇಕು. ನೋಂದಣಿ ಕೆಲಸಕ್ಕೆ ಬೇರೆ. ಹುಣಸೂರು ರಸ್ತೆಯ 1987ರ ಪತ್ರದ ಆ ಒಂದು ಸಾಲಿಗೆ ಗೆರೆ ಎಳೆದ ಕೆಲಸಕ್ಕೆ ತಂಗಿ ಪೂರ್ತಿ ಫೀಸು ಕೊಟ್ಟಳು. ಕೊಳ್ಳದ ಸೈಟಿಗೆ ಯಾಕಿಷ್ಟು ಎಂದು ಮನೆಯಲ್ಲಿ ಕೆಲವರು ಗೊಣಗಿದರು, ನಾನು ಅವಳ ಪರವಾಗಿ ನಿಂತೆ. ಫೀಸು ಕೊಡಲು ಕೈಲಾಗದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ನೆರವು ಸಿಗುತ್ತದೆ. ಪಾಲು ತಪ್ಪಿಹೋದ ಹೆಣ್ಣುಮಕ್ಕಳಿಗೆ, ಮಂಜೂರಾದ ಜಮೀನು ಕಳೆದುಕೊಂಡ ಮನೆಯವರಿಗೆ ಈ ನಂಬರ್ ಗೊತ್ತಿರಬೇಕು.

ಇನ್ನು ವಕೀಲರ ಹತ್ತಿರ ಹೋಗುವ ಸಮಯ. ಹೆಚ್ಚಿನವರು ಮುಂಗಡ ಕೊಟ್ಟು, ಕರಾರು ಬರೆದು, ಆಮೇಲೆ ಹೋಗುತ್ತಾರೆ. ಆಗ ವಕೀಲರು ಬೇಡ ಎಂದರೂ ಮುಂಗಡದ ಆಸೆಗೆ ಮನಸ್ಸು ಒಪ್ಪುವುದಿಲ್ಲ. ತಂಗಿಯ ಮನೆಯ ವಿಷಯದಲ್ಲಿ ಮಾರುವವರು ಮೊದಲು ಸ್ವಲ್ಪವಾದರೂ ಮುಂಗಡ ಬೇಕೇ ಬೇಕು ಎಂದಿದ್ದರು. ವಕೀಲೆ ಕರಾರಿಗೆ ಒಂದು ಷರತ್ತು ಸೇರಿಸಿದರು. ಪತ್ರ ಪರಿಶೀಲನೆಯಲ್ಲಿ ಮಾಲೀಕತ್ವದ ದೋಷ ಕಂಡುಬಂದರೆ, ಕೊಳ್ಳುವವರು ಲಿಖಿತವಾಗಿ ತಿಳಿಸಿದ 15 ದಿನಗಳೊಳಗೆ ಮುಂಗಡವನ್ನು ಪೂರ್ತಿ ಹಿಂದಿರುಗಿಸಬೇಕು. ದೋಷ ಇದೆಯೇ ಇಲ್ಲವೇ ಎಂಬುದಕ್ಕೆ ಕೊಳ್ಳುವವರ ವಕೀಲರ ಲಿಖಿತ ಅಭಿಪ್ರಾಯವೇ ಆಧಾರ. ಮಾರುವವರು ಅದನ್ನು ಓದಿಸಿಕೊಂಡು ಸಹಿ ಹಾಕಿದರು. ಅವರು ಸಹಿಗೆ ಒಪ್ಪದಿದ್ದರೆ ಅಲ್ಲಿಂದಲೇ ಎದ್ದು ಬರಬೇಕು ಎಂದು ತಂಗಿಗೆ ಮೊದಲೇ ಹೇಳಿಕೊಟ್ಟಿದ್ದರು.